ಹಿಮದಂಗಳದಲ್ಲಿ ‘ನಿವೃತ್ತಿ’ ಎಂಬ ಒಲ್ಲದ ಪದ

2022ರ ಜುಲೈ 19ರ ಸಂಜೆ ಟೋಕಿಯೊ ನಗರದ ಹೋಟೆಲೊಂದರಲ್ಲಿ ಪತ್ರಿಕಾಗೋಷ್ಠಿಯೊಂದು ಏರ್ಪಾಡಾಗಿತ್ತು. ಕರೆದವರು ಮಂತ್ರಿಗಳಲ್ಲ, ಉದ್ಯಮಪತಿಗಳೂ ಅಲ್ಲ. 27 ವರ್ಷ ವಯಸ್ಸಿನ ಫಿಗರ್ ಸ್ಕೇಟಿಂಗ್ ಪಟು ಯುಜುರು ಹನ್ಯು. ಆದರೂ ಜಪಾನಿನ ಟಿ.ವಿ. ಕೇಂದ್ರಗಳು ಅದನ್ನು ನೇರವಾಗಿ ಪ್ರಸಾರ ಮಾಡಿದವು. ಹನ್ಯು ತಮ್ಮ ‘ಸಂಕಲ್ಪ’ವನ್ನು ತಿಳಿಸಲಿದ್ದಾರೆ ಎಂದಷ್ಟೇ ಮೊದಲು ಪ್ರಕಟವಾಗಿತ್ತು. ಯಾವ ಸಂಕಲ್ಪ ಎಂಬುದನ್ನು ಹೇಳಿರಲಿಲ್ಲ. ಹೇಳದೆ ಬಿಟ್ಟದ್ದನ್ನು ಅಭಿಮಾನಿಗಳು ತಾವೇ ತುಂಬಿಕೊಂಡರು. ಅವರು ತುಂಬಿಕೊಂಡ ಪದ ‘ಇಂತಾಯ್’.

ಜಪಾನಿ ಭಾಷೆಯಲ್ಲಿ ‘ಇಂತಾಯ್’ ಎಂದರೆ ನಿವೃತ್ತಿ. ಅದನ್ನು ಬರೆಯುವ ಎರಡು ಚಿತ್ರಾಕ್ಷರಗಳಲ್ಲಿ ಒಂದಕ್ಕೆ ‘ಎಳೆ’ ಎಂದೂ ಇನ್ನೊಂದಕ್ಕೆ ‘ಹಿಂದೆ ಸರಿ’ ಎಂದೂ ಅರ್ಥ. ನಮ್ಮಲ್ಲಿ ನಿವೃತ್ತಿ ಎಂದೊಡನೆ ಕಣ್ಣೆದುರು ಬರುವುದು ಅರವತ್ತು ತುಂಬಿದ ಗುಮಾಸ್ತರು, ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಯಲ್ಲೊಂದು ತೆಂಗಿನಕಾಯಿ. ಸ್ಕೇಟಿಂಗ್ ಪಟುಗಳ ಲೆಕ್ಕವೇ ಬೇರೆ. ಅಲ್ಲಿ ಇಪ್ಪತ್ತೇಳಕ್ಕೆ ಮುಪ್ಪು. ಸೊಂಟ, ಮಂಡಿ, ಹಿಮ್ಮಡಿ ಒಂದೊಂದಾಗಿ ಕೈಕೊಡುವ ವಯಸ್ಸು ಅದು. ಹೀಗಿರುವಾಗ ಒಬ್ಬ ಆಟಗಾರ ಅಂಕಣ ಬಿಡುತ್ತಾನೆಂದರೆ ಲಕ್ಷಾಂತರ ಜನ ಮನೆಯವರನ್ನೇ ಕಳೆದುಕೊಳ್ಳುವಂತೆ ಕಳವಳಪಟ್ಟದ್ದೇಕೆ? ಉತ್ತರ ಹುಡುಕಲು ಅವರು ಹುಟ್ಟಿದ ಊರಿಗೆ ಹೋಗಬೇಕು.

ಸೆಂಡಾಯ್‌ನ ಹುಡುಗ

ಜಪಾನಿನ ಈಶಾನ್ಯಕ್ಕಿರುವ ಮಿಯಾಗಿ ಪ್ರಾಂತ್ಯದ ರಾಜಧಾನಿ ಸೆಂಡಾಯ್. ಅಲ್ಲಿನ ಹಳೆಯ ಕೋಟೆಯ ಪಕ್ಕದಲ್ಲಿ ಗೋಶಿಕಿನುಮಾ ಎಂಬ ಪುಟ್ಟ ಕೊಳವಿದೆ. ಮೇಜಿ ಚಕ್ರವರ್ತಿಯ ಕಾಲದಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುತ್ತಿದ್ದ ಆ ಕೊಳದ ಮೇಲೆ ಪರದೇಶದಿಂದ ಬಂದವರು ಸ್ಥಳೀಯ ಹುಡುಗರಿಗೆ ಸ್ಕೇಟಿಂಗ್ ಕಲಿಸಿದರೆಂದೂ, ಜಪಾನಿನ ಫಿಗರ್ ಸ್ಕೇಟಿಂಗ್ ಹುಟ್ಟಿದ್ದು ಅಲ್ಲೇ ಎಂದೂ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 

1994ರ ಡಿಸೆಂಬರ್ 7ರಂದು ಈ ಊರಿನಲ್ಲಿ ಹುಟ್ಟಿದ ಹನ್ಯು ನಾಲ್ಕನೆಯ ವಯಸ್ಸಿಗೆ ಅಕ್ಕನ ಬೆನ್ನುಹತ್ತಿ ರಿಂಕ್‌ಗೆ ಇಳಿದರು. ಹುಡುಗನಿಗೆ ಉಬ್ಬಸದ ಕಾಯಿಲೆ. ಅವರಿಗೆ ಹತ್ತು ತುಂಬುವ ಹೊತ್ತಿಗೆ, 2004ರ ಕೊನೆಯಲ್ಲಿ, ಹಣದ ಮುಗ್ಗಟ್ಟಿನಿಂದ ಆ ರಿಂಕ್ ಮುಚ್ಚಿಹೋಯಿತು. ಅದೇ ರಿಂಕ್‌ನಲ್ಲಿ ಆಡಿ ಬೆಳೆದ ಶಿಜುಕಾ ಅರಕಾವಾ 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಬಂದು, ಊರಿನ ಆಡಳಿತದ ಮುಂದೆ ರಿಂಕ್‌ನ ಪರವಾಗಿ ಮಾತಾಡಿದ ಮೇಲೆ 2007ರಲ್ಲಿ ಅದು ಮತ್ತೆ ತೆರೆಯಿತು. ಒಂದು ಚಿನ್ನದ ಪದಕದಿಂದ ಊರಿಗೆ ಹಿಮಾಂಗಣವೇ ಮರಳಿ ಬಂತು.

2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿದಾಗ 16 ವರ್ಷದ ಹನ್ಯು ಇದ್ದದ್ದು ಆ ರಿಂಕ್‌ನ ಮೇಲೆಯೇ. ಕಾಲಿನ ಸ್ಕೇಟ್‌ಗಳನ್ನು ಬಿಚ್ಚಲೂ ಸಮಯವಿಲ್ಲದೆ, ಅಲಗುಗಳ ಮೇಲೆಯೇ ತೆವಳುತ್ತ ಓಡುತ್ತ ಹೊರಬಿದ್ದರು. ಮನೆಗೆ ಹಾನಿಯಾಗಿತ್ತು. ತಂದೆ, ತಾಯಿ, ಅಕ್ಕನೊಂದಿಗೆ ನಿರಾಶ್ರಿತರ ಶಿಬಿರದಲ್ಲಿ ಎರಡು ಚಾಪೆ ಅಗಲದ ಜಾಗದಲ್ಲಿ ದಿನಗಳನ್ನು ಕಳೆಯಬೇಕಾಯಿತು. ಭೂಕಂಪ ಮತ್ತು ಅದರ ಹಿಂದೆಯೇ ಬಂದ ಸುನಾಮಿಯಲ್ಲಿ ಹದಿನೆಂಟು ಸಾವಿರಕ್ಕೂ ಮಿಕ್ಕಿ ಜನ ಸತ್ತರು ಇಲ್ಲವೇ ಕಾಣೆಯಾದರು. ಅಂಥ ಹೊತ್ತಿನಲ್ಲಿ ಮಂಜುಗಡ್ಡೆಯ ಮೇಲೆ ಕುಣಿಯುವ ಆಟವನ್ನು ಮುಂದುವರಿಸುವುದು ಸರಿಯೇ ಎಂಬ ಪ್ರಶ್ನೆ ಆ ಹುಡುಗನನ್ನು ಕಾಡಿತ್ತು.

ಮುಂದುವರಿಸುವುದಕ್ಕೆ ರಿಂಕ್ ಇರಬೇಕಲ್ಲ? ಅದಂತೂ ಬಿರುಕು ಬಿಟ್ಟು ಮುಚ್ಚಿತ್ತು. ಆಗ ದಾರಿ ತೋರಿದ್ದು ಐಸ್ ಷೋಗಳು, ಅಂದರೆ ಟಿಕೆಟು ಕೊಂಡ ಜನರೆದುರು ನಡೆಯುವ ಹಿಮದ ಮೇಲಿನ ಪ್ರದರ್ಶನಗಳು. ಆ ಒಂದು ವರ್ಷದಲ್ಲಿ ಹನ್ಯು ಸುಮಾರು 60 ಪ್ರದರ್ಶನಗಳಲ್ಲಿ ಭಾಗವಹಿಸಿದರು. ಊರೂರು ಅಲೆಯುತ್ತ, ಪ್ರದರ್ಶನದ ಹಿಮವನ್ನೇ ಅಭ್ಯಾಸದ ಹಿಮವಾಗಿ ಬಳಸಿಕೊಂಡರು. ಒಂದರ್ಥದಲ್ಲಿ ಟಿಕೆಟು ಕೊಂಡ ಪ್ರೇಕ್ಷಕರೇ ಅವರ ಅಭ್ಯಾಸದ ಖರ್ಚನ್ನು ಭರಿಸಿದರು. ಮರು ವರ್ಷ, 2012ರಲ್ಲಿ, ಫ್ರಾನ್ಸಿನ ನೀಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 17ರ ಈ ಹುಡುಗ ಕಂಚು ಗೆದ್ದ. ನೊಂದವರಿಗೆ ತಾನು ಆಸರೆಯಾಗಬೇಕೆಂದು ಹೊರಟವನಿಗೆ ಅವರೇ ಆಸರೆಯಾಗಿದ್ದಾರೆ ಎಂಬುದು ತಿಳಿಯಿತು ಎಂಬರ್ಥದ ಮಾತನ್ನು ಹನ್ಯು ಆ ದಿನಗಳಲ್ಲಿ ಆಡಿದ್ದರು. ಅಭಿಮಾನಿಗಳು ಆ ಮಾತನ್ನು ಮರೆಯಲಿಲ್ಲ. ಅವರ ಮಟ್ಟಿಗೆ ಅದು ಸಾಲದ ಕಾಗದವೂ ಹೌದು, ನೆಂಟಸ್ತಿಕೆಯ ಕಾಗದವೂ ಹೌದು.

ಕರಡಿಗಳ ಮಳೆ

ಆಮೇಲಿನ ಗೆಲುವುಗಳನ್ನು ಬೇಗ ಹೇಳಿ ಮುಗಿಸಬಹುದು. ಕೆನಡಾದ ಟೊರಾಂಟೊದಲ್ಲಿ ಬ್ರಯನ್ ಆರ್ಸರ್ ಬಳಿ ತರಬೇತಿ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಚಿನ್ನ. 2015ರಲ್ಲಿ ನಾಗಾನೊದಲ್ಲಿ 322.40 ಅಂಕ, ಮುನ್ನೂರರ ಗೆರೆ ದಾಟಿದ ಮೊದಲ ಸ್ಕೇಟಿಂಗ್ ಪಟು ಅವರೇ. 2017ರ ನವೆಂಬರ್‌ನಲ್ಲಿ ಅಭ್ಯಾಸದ ವೇಳೆ ಬಿದ್ದು ಬಲಗಾಲಿನ ಕೀಲಿಗೆ ಪೆಟ್ಟು. ಮೂರು ತಿಂಗಳು ಒಂದೂ ಸ್ಪರ್ಧೆಯಿಲ್ಲದೆ ನೇರವಾಗಿ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಬಂದು 317.85 ಅಂಕಗಳೊಂದಿಗೆ ಮತ್ತೆ ಚಿನ್ನ. ಪುರುಷರ ವಿಭಾಗದಲ್ಲಿ ಸತತ ಎರಡು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವರು ಅದಕ್ಕೆ ಹಿಂದೆ ಸಿಗುವುದು 66 ವರ್ಷಗಳ ಆಚೆ: 1948 ಮತ್ತು 1952ರಲ್ಲಿ ಗೆದ್ದ ಅಮೆರಿಕದ ಡಿಕ್ ಬಟನ್.

ಅಭಿಮಾನಿಗಳ ಕಥೆಯನ್ನು ಮಾತ್ರ ಅಷ್ಟು ಬೇಗ ಮುಗಿಸಲಾಗದು. ಹನ್ಯು ಸ್ಪರ್ಧೆಗೆ ಒಯ್ಯುತ್ತಿದ್ದ ಕಾಗದದ ಕರವಸ್ತ್ರದ ಡಬ್ಬಿಗೆ ‘ವಿನ್ನಿ ದಿ ಪೂ’ ಎಂಬ ಮಕ್ಕಳ ಕಥೆಯ ಹಳದಿ ಕರಡಿಯ ಹೊದಿಕೆ ಇತ್ತು. ಅದನ್ನು ಕಂಡದ್ದೇ ತಡ, ಅಭಿಮಾನಿಗಳು ಅಂಥ ಗೊಂಬೆಗಳನ್ನು ತಂದು ಅವರ ಆಟ ಮುಗಿದೊಡನೆ ಹಿಮದ ಮೇಲೆ ಎಸೆಯತೊಡಗಿದರು. ಒಂದಲ್ಲ, ಹತ್ತಲ್ಲ, ಬಿಳಿಯ ಅಂಗಣವೇ ಹಳದಿಯಾಗುವಷ್ಟು. ಹೆಕ್ಕಲು ನಿಂತ ಪುಟ್ಟ ಮಕ್ಕಳು ಎರಡು ತೋಳುಗಳಲ್ಲಿ ತಬ್ಬಿಕೊಂಡಷ್ಟನ್ನೂ ಹೊತ್ತು ಓಡುವರು. ಮುಂದಿನ ಸ್ಪರ್ಧಿ ಪಕ್ಕದಲ್ಲಿ ಕಾಯುತ್ತ ನಿಲ್ಲುವನು. ಆ ಸ್ಪರ್ಧಿಯ ಪಾಡು ಯಾರಿಗೂ ಬೇಡ! ಗೊಂಬೆಗಳನ್ನು ಆಯಾ ಊರಿನ ಮಕ್ಕಳ ಸಂಸ್ಥೆಗಳಿಗೆ ಹಂಚುವ ರೂಢಿ ಬೆಳೆಯಿತು. ಕೋವಿಡ್ ಬಂದ ಮೇಲೆ ಎಸೆಯುವುದು ನಿಂತಿತು.

ಭಕ್ತಿಗೆ ದೇವಾಲಯಗಳೂ ಸಿಕ್ಕವು. ಕೋಬೆ ನಗರದಲ್ಲಿರುವ ‘ಯುಜುರುಹಾ’ ಎಂಬ ಪ್ರಾಚೀನ ಶಿಂಟೊ ಗುಡಿಯ ಹೆಸರಿನ ಅಕ್ಷರಗಳಲ್ಲಿ ಹನ್ಯು ಅವರ ಹೆಸರಿನ ಅಕ್ಷರಗಳು ಅಡಗಿವೆ. ಅಷ್ಟು ಸಾಕಾಯಿತು. ಅಭಿಮಾನಿಗಳು ಅಲ್ಲಿಗೆ ಯಾತ್ರೆ ಹೊರಟರು. ‘ಎಮಾ’ ಎಂದು ಕರೆಯುವ ಹರಕೆಯ ಮರದ ಹಲಗೆಗಳ ಮೇಲೆ ಅವರ ಕಾಲಿನ ಗಾಯ ಮಾಯಲಿ, ಬೀಳದಿರಲಿ ಎಂದು ಬರೆದು ತೂಗುಹಾಕಿದರು. ಕ್ಯೋಟೊದ ಸೇಮೆ ಗುಡಿಯದ್ದೂ ಇದೇ ಕಥೆ. ಸಾವಿರ ವರ್ಷಗಳ ಹಿಂದೆ ಅರಮನೆಯಲ್ಲಿದ್ದ ಅಬೆ ನೊ ಸೇಮೆ ಎಂಬ ಜೋತಿಷಿ-ಮಾಂತ್ರಿಕನ ಗುಡಿ ಅದು. ಹನ್ಯು ತಮ್ಮ ಪ್ರಸಿದ್ಧ ಪ್ರದರ್ಶನವೊಂದಕ್ಕೆ ಆತನ ಹೆಸರನ್ನೇ ಇಟ್ಟಿದ್ದರು. ಗಮನಿಸಬೇಕಾದ ಸಂಗತಿಯೊಂದಿದೆ: ಹರಕೆ ಹೊತ್ತವರಲ್ಲಿ ಹದಿಹರೆಯದವರಷ್ಟೇ ಅಲ್ಲ, ನಡುವಯಸ್ಸಿನ, ಅದಕ್ಕೂ ಮೀರಿದ ಹೆಂಗಸರು ಬಹಳ. ಮಗನಿಗೋ ಮೊಮ್ಮಗನಿಗೋ ಹರಸುವ ಧಾಟಿ ಅವರದು. ಚೀನಾ, ಕೊರಿಯಾ, ಯೂರೋಪುಗಳಲ್ಲೂ ಬಳಗ ಬೆಳೆಯಿತು. ‘ಫ್ಯಾನ್’ ಮತ್ತು ‘ಹನ್ಯು’ ಎರಡನ್ನೂ ಬೆಸೆದು ತಮ್ಮನ್ನು ‘ಫ್ಯಾನ್ಯು’ ಎಂದು ಕರೆದುಕೊಂಡರು. 2018ರ ಏಪ್ರಿಲ್ 22ರಂದು ಸೆಂಡಾಯ್‌ನಲ್ಲಿ ವಿಜಯದ ಮೆರವಣಿಗೆ ನಡೆದಾಗ ರಸ್ತೆಯ ಇಕ್ಕೆಲಗಳಲ್ಲಿ ನಿಂತವರು ಒಂದು ಲಕ್ಷಕ್ಕೂ ಹೆಚ್ಚು.

ಪದದ ಪೂರ್ವಕಥೆ

ಇನ್ನು ‘ನಿವೃತ್ತಿ’ ಎಂಬ ಪದದ ವಿಷಯ. ಫಿಗರ್ ಸ್ಕೇಟಿಂಗ್‌ನಲ್ಲಿ ಈ ಪದಕ್ಕೆ ಉಳಿದ ಆಟಗಳಲ್ಲಿಲ್ಲದ ಒಂದು ಇತಿಹಾಸವಿದೆ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸ್ಥಾಪನೆಯಾದದ್ದು 1892ರಲ್ಲಿ. ಆಗಿನಿಂದ ಸುಮಾರು ನೂರು ವರ್ಷ ಆ ಆಟದ ನಡುವೆ ಒಂದು ಗೋಡೆ ನಿಂತಿತ್ತು. ಈಚೆಗೆ ಹವ್ಯಾಸಿಗಳು: ಹಣ ಮುಟ್ಟುವಂತಿಲ್ಲ, ಒಲಿಂಪಿಕ್ಸ್‌ಗೆ ಹೋಗಬಹುದು. ಆಚೆಗೆ ವೃತ್ತಿಪರರು: ಹಣ ಗಳಿಸಬಹುದು, ಒಲಿಂಪಿಕ್ಸ್‌ಗೆ ಮರಳುವಂತಿಲ್ಲ. ಒಮ್ಮೆ ಗೋಡೆ ಹಾರಿದರೆ ಹಾರಿದಂತೆಯೇ.

ನಾರ್ವೆಯ ಸೋನ್ಯಾ ಹೆನಿ 1928, 1932 ಮತ್ತು 1936ರಲ್ಲಿ ಮೂರು ಒಲಿಂಪಿಕ್ ಚಿನ್ನಗಳನ್ನು ಗೆದ್ದು, ಅದೇ 1936ರಲ್ಲಿ ವೃತ್ತಿಪರಳಾಗಿ ಅಮೆರಿಕಕ್ಕೆ ಹೋಗಿ ಹಾಲಿವುಡ್ ತಾರೆಯಾದಳು. ಡಿಕ್ ಬಟನ್ 1952ರ ಎರಡನೆಯ ಚಿನ್ನದ ಬಳಿಕ ಅದೇ ದಾರಿ ಹಿಡಿದರು. ಬ್ರಿಟನ್ನಿನ ಜೇನ್ ಟೊರ್ವಿಲ್, ಕ್ರಿಸ್ಟಫರ್ ಡೀನ್ ಜೋಡಿ 1984ರ ಸಾರಯೆವೊ ಒಲಿಂಪಿಕ್ಸ್‌ನಲ್ಲಿ ಗೆದ್ದು ವೃತ್ತಿಪರರಾದಾಗ ಹತ್ತು ವರ್ಷ ಒಲಿಂಪಿಕ್ಸ್‌ನ ಕಡೆ ಮುಖ ಹಾಕುವಂತಿರಲಿಲ್ಲ. 1990ರ ದಶಕದ ಆರಂಭದಲ್ಲಿ ಗೋಡೆಯಲ್ಲೊಂದು ಬಾಗಿಲು ತೆರೆಯಿತು. 1994ರ ಲಿಲೆಹಾಮರ್ ಕ್ರೀಡಾಕೂಟಕ್ಕೆ ಆ ಜೋಡಿ ಮರಳಿ ಬಂದು ಕಂಚು ಪಡೆಯಿತು. ಎರಡು ಚಿನ್ನಗಳ ಒಡತಿ ಜರ್ಮನಿಯ ಕಟರೀನಾ ವಿಟ್ ಬಂದು ಏಳನೆಯವರಾದರು. ಪದಕ ಸಿಕ್ಕಲಿ ಬಿಡಲಿ, ಬಿಟ್ಟುಹೋದವರು ಮರಳಿ ಬಂದ ಸಂಭ್ರಮವೇ ಪ್ರೇಕ್ಷಕರಿಗೆ ದೊಡ್ಡದಾಗಿತ್ತು.

ಹೀಗಾಗಿ ಸ್ಕೇಟಿಂಗ್ ಪಟುವಿನ ವಿದಾಯದಲ್ಲಿ ಎರಡು ದುಃಖ ಬೆರೆತಿರುತ್ತಿದ್ದವು: ಸ್ಪರ್ಧೆಯ ಬಿಸಿ ಇನ್ನಿಲ್ಲವೆಂಬುದು ಒಂದು, ಪ್ರದರ್ಶನಗಳ ಬಣ್ಣದ ಬೆಳಕಿನಲ್ಲಿ ಕೌಶಲ ಮೆಲ್ಲಗೆ ಕರಗುತ್ತದೆಂಬುದು ಇನ್ನೊಂದು. ಜಪಾನೀಯರಿಗೆ ಹತ್ತಿರದ ನೆನಪೂ ಇತ್ತು. ಅವರ ಇನ್ನೊಬ್ಬ ಕಣ್ಮಣಿ ಮಾವೊ ಅಸಾದಾ 2017ರ ಏಪ್ರಿಲ್ 10ರಂದು, 26ನೆಯ ವಯಸ್ಸಿನಲ್ಲಿ, ಸ್ಪರ್ಧೆ ಬಿಡುವುದಾಗಿ ಬರೆದು ತಿಳಿಸಿದ್ದರು. ಎರಡು ದಿನಗಳ ನಂತರದ ಪತ್ರಿಕಾಗೋಷ್ಠಿಯ ಕೊನೆಯಲ್ಲಿ ಕಣ್ಣೀರು ಕಾಣದಿರಲೆಂದು ಆಕೆ ಕ್ಯಾಮೆರಾಗಳಿಗೆ ಬೆನ್ನು ತಿರುಗಿಸಿ ನಿಂತ ಕ್ಷಣವನ್ನು ದೇಶವೇ ನೋಡಿತ್ತು. ಐದು ವರ್ಷಗಳ ಬಳಿಕ ಹನ್ಯು ಗೋಷ್ಠಿ ಕರೆದಾಗ ಆ ಬೆನ್ನು ಹಲವರಿಗೆ ನೆನಪಾಗಿರಲೇಬೇಕು.

ಕಳವಳಕ್ಕೆ ಬೀಜಿಂಗ್ ಕೂಡ ಕಾರಣ. 2022ರ ಫೆಬ್ರುವರಿಯ ಚಳಿಗಾಲದ ಒಲಿಂಪಿಕ್ಸ್‌ಗೆ ಹನ್ಯು ಹೋದದ್ದು ಮೂರನೆಯ ಚಿನ್ನಕ್ಕಾಗಿ ಎನ್ನುವುದಕ್ಕಿಂತ ನಾಲ್ಕು ಸುತ್ತಿನ ಆಕ್ಸೆಲ್‌ಗಾಗಿ. 1882ರಲ್ಲಿ ವಿಯೆನ್ನಾದಲ್ಲಿ ಈ ನೆಗೆತವನ್ನು ಮೊದಲು ತೋರಿಸಿದ ನಾರ್ವೆಯ ಆಕ್ಸೆಲ್ ಪೌಲ್ಸನ್‌ನಿಂದ ಅದಕ್ಕೆ ಆ ಹೆಸರು. ಉಳಿದ ನೆಗೆತಗಳನ್ನು ಬೆನ್ನುಮುಂದಾಗಿ ಜಾರುತ್ತ ಆರಂಭಿಸಿದರೆ ಇದನ್ನು ಮುಂದಕ್ಕೆ ಮುಖಮಾಡಿ ಆರಂಭಿಸಬೇಕು. ಹಾಗಾಗಿ ನಾಲ್ಕು ಸುತ್ತು ಎಂದರೆ ವಾಸ್ತವದಲ್ಲಿ ನಾಲ್ಕೂವರೆ. ಗಾಳಿಯಲ್ಲಿರುವುದು ಸೆಕೆಂಡಿಗೂ ಕಡಿಮೆ ಹೊತ್ತು. ಸ್ಪರ್ಧೆಯಲ್ಲಿ ಅದನ್ನು ಯಾರೂ ಸಾಧಿಸಿರಲಿಲ್ಲ.

ಫೆಬ್ರುವರಿ 8ರ ಮೊದಲ ಸುತ್ತಿನಲ್ಲಿ ಹಿಮದ ಮೇಲಿದ್ದ ಕುಳಿಗೆ ಅಲಗು ಸಿಕ್ಕಿ ಮೊದಲ ನೆಗೆತವೇ ಹಾಳಾಯಿತು, ಹನ್ಯು ಎಂಟನೆಯವರಾದರು. ಎರಡು ದಿನಗಳ ಮೇಲೆ ನಾಲ್ಕು ಸುತ್ತಿನ ಆಕ್ಸೆಲ್‌ಗೆ ಹಾರಿದರು, ಬಿದ್ದರು. ಸುತ್ತು ಪೂರ್ತಿಯಾಗದಿದ್ದರೂ ಅದು ಆ ನೆಗೆತವೇ ಎಂದು ಸ್ಪರ್ಧೆಯೊಂದರಲ್ಲಿ ದಾಖಲಾದದ್ದು ಅದೇ ಮೊದಲು. ಒಟ್ಟು ನಾಲ್ಕನೆಯ ಸ್ಥಾನ. ತನ್ನೊಳಗಿರುವ ಒಂಬತ್ತು ವರ್ಷದ ಹುಡುಗನೂ ಜೊತೆಯಲ್ಲಿ ಹಾರಿದ ಎಂಬರ್ಥದಲ್ಲಿ ಅವರು ಬಳಿಕ ಮಾತಾಡಿದರು. ಕೋವಿಡ್‌ನಿಂದಾಗಿ ಟಿಕೆಟು ಮಾರಾಟವೇ ಇಲ್ಲದ ಆ ಕೂಟಕ್ಕೆ ಹೋಗಲಾಗದ ಅಭಿಮಾನಿಗಳಿಂದ ಸುಮಾರು 20 ಸಾವಿರ ಪತ್ರ, ಕಾಣಿಕೆಗಳು ಬಂದಿವೆಯೆಂದು ತಿಳಿದು ಅಲ್ಲಿಂದಲೇ ಕೃತಜ್ಞತೆ ಹೇಳಿದ್ದರು. ಸೋತವರಿಗೆ ಇಷ್ಟು ಕಾಗದ ಬರುವುದು ಅಪರೂಪ.

ಜುಲೈ 19ರ ಗೋಷ್ಠಿಯಲ್ಲಿ ಹನ್ಯು ತಲೆಬಾಗಿ ವಂದಿಸಿ ಹೇಳಿದ್ದು ಇಷ್ಟು: ಇನ್ನು ಮುಂದೆ ಸ್ಪರ್ಧೆಗಳಲ್ಲಿ ಅಂಕಗಳಿಗಾಗಿ, ಬೇರೆಯವರೊಂದಿಗಿನ ಹೋಲಿಕೆಗಾಗಿ ಆಡುವುದಿಲ್ಲ, ವೃತ್ತಿಪರನಾಗಿ ಮುಂದುವರಿಯುತ್ತೇನೆ, ನಾಲ್ಕು ಸುತ್ತಿನ ಆಕ್ಸೆಲ್‌ನ ಪ್ರಯತ್ನವನ್ನು ಬಿಡುವುದಿಲ್ಲ. ‘ಇಂತಾಯ್’ ಎಂಬ ಪದವನ್ನು ಬಳಸಲು ತಮಗೆ ಮನಸ್ಸಿಲ್ಲವೆಂದೂ, ಹವ್ಯಾಸಿಗಳನ್ನು ಮಾತ್ರ ‘ಆಡುತ್ತಿರುವವರು’ ಎಂದು ಎಣಿಸುವ ರೂಢಿಯೇ ವಿಚಿತ್ರವೆಂದೂ ಅವರು ಹೇಳಿದರು. ನೂರು ವರ್ಷದ ಆ ಹಳೆಯ ಗೋಡೆಯ ಅವಶೇಷ ಒಂದು ಪದದಲ್ಲಿ ಇನ್ನೂ ಉಳಿದಿದೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದವರು ಕಡಿಮೆ.

ಕೇಳುತ್ತಿದ್ದವರಿಗೆ ಅಳಬೇಕೋ ನಗಬೇಕೋ ತಿಳಿಯದಂತಾಯಿತು. ಸ್ಪರ್ಧೆಗಳ ಆ ಎದೆಬಡಿತ ಇನ್ನಿಲ್ಲವೆಂಬುದು ನಿಜ. ಆದರೆ ಮನುಷ್ಯ ಹಿಮದ ಮೇಲೆಯೇ ಇರುತ್ತಾನಲ್ಲ! ಆಟ ಬಿಟ್ಟವರ ಬದುಕು ನೆಮ್ಮದಿಯಾಗಿರಲಿ ಎಂದು ಹರಸುವ ವಾಡಿಕೆಯ ಸಾಲುಗಳನ್ನು ಸಿದ್ಧಮಾಡಿಕೊಂಡಿದ್ದ ಅಭಿಮಾನಿಗಳು ಅದನ್ನು ಅಲ್ಲಿಗೇ ಬಿಟ್ಟು, ಮೊದಲ ಪ್ರದರ್ಶನ ಯಾವಾಗ ಎಂದು ಕೇಳತೊಡಗಿದರು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 10ರಂದು, ಸೆಂಡಾಯ್‌ನ ಅದೇ ರಿಂಕ್‌ನಲ್ಲಿ ಹನ್ಯು ತಮ್ಮ ಅಭ್ಯಾಸವನ್ನೇ ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದಾಗ ಒಂದೇ ಹೊತ್ತಿಗೆ ಲಕ್ಷಕ್ಕೂ ಮಿಕ್ಕಿ ಜನ ನೋಡಿದರು. ನವೆಂಬರ್‌ನಲ್ಲಿ ಯೊಕೊಹಾಮಾದಲ್ಲಿ ‘ಪ್ರೊಲಾಗ್’ ಎಂಬ ಪ್ರದರ್ಶನ: ಸುಮಾರು ಒಂದೂವರೆ ಗಂಟೆ, ಹಿಮದ ಮೇಲೆ ಒಬ್ಬರೇ. ನಾಲ್ಕು ನಿಮಿಷದ ಆಟಕ್ಕೇ ಏದುಸಿರು ಬಿಡುವ ಕ್ರೀಡೆಯಲ್ಲಿ ಇದು ಸಣ್ಣ ಮಾತಲ್ಲ, ಅದೂ ಉಬ್ಬಸದ ಮನುಷ್ಯನಿಗೆ. 2023ರ ಫೆಬ್ರುವರಿ 26ರಂದು ಬೇಸ್‌ಬಾಲ್ ನಡೆಯುವ ಟೋಕಿಯೊ ಡೋಮ್‌ನಲ್ಲಿ ಹಿಮ ಹಾಸಿ ‘ಗಿಫ್ಟ್’ ಎಂಬ ಪ್ರದರ್ಶನ ನಡೆದಾಗ ಬಂದವರು 35 ಸಾವಿರ. ಇತ್ತ, ಗೋಷ್ಠಿ ಮುಗಿದು ಎರಡು ತಿಂಗಳೂ ಆಗಿರದ 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ 17ರ ಹುಡುಗ ಇಲಿಯಾ ಮಾಲಿನಿನ್ ಸ್ಪರ್ಧೆಯಲ್ಲಿ ನಾಲ್ಕು ಸುತ್ತಿನ ಆಕ್ಸೆಲ್ ಅನ್ನು ಬೀಳದೆ ಸಾಧಿಸಿದ್ದ. ಡೋಮ್ ತುಂಬಿದವರಿಗೆ ಅದರಿಂದ ಯಾವ ವ್ಯತ್ಯಾಸವೂ ಆದಂತೆ ಕಾಣಲಿಲ್ಲ.

ಅಭಿಮಾನ ಉಸಿರುಗಟ್ಟಿಸಿದಾಗ

ಅಭಿಮಾನದ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. 2023ರ ಆಗಸ್ಟ್ 4ರಂದು ಹನ್ಯು ತಾವು ಮದುವೆಯಾದುದನ್ನು ತಿಳಿಸಿದರು. ಯಾರನ್ನು ಎಂದು ಹೇಳಲಿಲ್ಲ. ಮೂರೂವರೆ ತಿಂಗಳ ಬಳಿಕ, ನವೆಂಬರ್ 17ರಂದು, ವಿಚ್ಛೇದನದ ಸುದ್ದಿಯನ್ನೂ ತಾವೇ ತಿಳಿಸಬೇಕಾಯಿತು. ಸಂಗಾತಿಯ, ಕುಟುಂಬದವರ, ಬಂಧುಗಳ ಬೆನ್ನುಹತ್ತಿದ ಕಾಟ, ದೂಷಣೆ, ಅನುಮತಿಯಿಲ್ಲದ ವರದಿಗಾರಿಕೆ, ಮನೆಯಿಂದ ಹೊರಗೆ ಕಾಲಿಡಲಾಗದ ಸ್ಥಿತಿ ಇವುಗಳನ್ನು ಕಾರಣವಾಗಿ ಆ ಹೇಳಿಕೆ ಸೂಚಿಸಿತು. ಕಾಟ ಕೊಟ್ಟವರು ಕೆಲವರೇ ಇರಬಹುದು. ಗುಡಿಯಲ್ಲಿ ಹಲಗೆ ಕಟ್ಟಿದ ಹಿರಿಯ ಹೆಂಗಸನ್ನೂ ಮನೆಯೆದುರು ಹೊಂಚುಹಾಕಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ‘ನಮ್ಮ ಹುಡುಗ’ ಎಂಬ ಮಾತಿನಲ್ಲಿರುವ ‘ನಮ್ಮ’ ಎಲ್ಲಿಗೆ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಆ ಹೇಳಿಕೆ ಎಲ್ಲರ ಮುಂದೂ ಇಟ್ಟಿತು. ಪತ್ರಿಕೆಗಳೂ ಅದರಿಂದ ಹೊರತಲ್ಲ. ಅಂಕಣದಿಂದ ಹಿಂದೆ ಸರಿಯಲು ಒಪ್ಪದ ಮನುಷ್ಯನಿಗೆ ಸ್ವಂತ ಮನೆಯೊಳಕ್ಕೆ ಸರಿಯುವ ಅವಕಾಶವೂ ಸಿಗಲಿಲ್ಲ.

ಸ್ಪರ್ಧೆಯನ್ನು ಬಿಟ್ಟ ಮೇಲೆ ಹನ್ಯು ತಮ್ಮ ಊರಿಗಾಗಿ ಮಾಡಿಕೊಂಡ ಕಾರ್ಯಕ್ರಮವೊಂದಿದೆ. ಹೆಸರು ‘ನೊತ್ತೆ ಸ್ತೆಲ್ಲಾತಾ’, ಇಟಾಲಿಯನ್ ಭಾಷೆಯಲ್ಲಿ ತಾರೆಗಳು ತುಂಬಿದ ರಾತ್ರಿ ಎಂದರ್ಥ. 2011ರಲ್ಲಿ ಭೂಕಂಪದ ದಿನ ಊರಿಗೆ ಊರೇ ವಿದ್ಯುತ್ ಇಲ್ಲದೆ ಕತ್ತಲಾದಾಗ ಆಕಾಶದಲ್ಲಿ ಕಂಡ ನಕ್ಷತ್ರಗಳ ನೆನಪಿಗೆ ಆ ಹೆಸರು. ಮೊದಲ ಪ್ರದರ್ಶನ ನಡೆದದ್ದು 2023ರ ಮಾರ್ಚ್ 10ರಿಂದ 12ರವರೆಗೆ, ಸೆಂಡಾಯ್ ಪಕ್ಕದ ಮಿಯಾಗಿ ಪ್ರಾಂತ್ಯದ ದೊಡ್ಡ ಕ್ರೀಡಾಂಗಣದಲ್ಲಿ. 2011ರಲ್ಲಿ ಸುನಾಮಿಯಲ್ಲಿ ಸತ್ತವರ ದೇಹಗಳನ್ನು ಸಾಲಾಗಿ ಇರಿಸಿದ್ದ ಶವಾಗಾರ ಅದೇ ಕ್ರೀಡಾಂಗಣ. ಬಂಧುಗಳ ಗುರುತು ಹಿಡಿಯಲು ಜನ ಬಂದು ನಿಂತಿದ್ದ ನೆಲದ ಮೇಲೆ ಹನ್ನೆರಡು ವರ್ಷಗಳ ಬಳಿಕ ಹಿಮ ಹಾಸಲಾಯಿತು. ಅಂಕ ಕೊಡುವವರು ಅಲ್ಲಿರಲಿಲ್ಲ. 2024ರ ಮತ್ತು 2025ರ ಮಾರ್ಚ್‌ನಲ್ಲೂ ಅದೇ ಜಾಗದಲ್ಲಿ ಪ್ರದರ್ಶನ ನಡೆಯಿತು.